ಹುಣಸೆಹಣ್ಣು ಹಚ್ಚಿ ತೊಳೆದ ಆಸ್ಟ್ರೇಲಿಯಾ ಬಂದೂಕು

ಮಂಗಳವಾರ ಮಧ್ಯಾಹ್ನ ಆಸ್ಟ್ರೇಲಿಯಾದಿಂದ ಕಾಗದ ಬಂತು. ಬುಧವಾರ ಬೆಳಿಗ್ಗೆ ನಾನು ಅಣ್ಣಿಗೇರಿ ಸ್ಟೇಷನ್ನಿನಲ್ಲಿ ಹುಬ್ಬಳ್ಳಿ ಪ್ಯಾಸೆಂಜರಿಗಾಗಿ ಕಾಯುತ್ತ ನಿಂತಿದ್ದೆ. ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲದ ಮಾತಿದು. ನಾನು ಹೈಸ್ಕೂಲಿನ ಇಂಗ್ಲಿಷ್ ಮಾಸ್ತರ. ಅಲ್ಲಿಯವರೆಗೆ ನಾನು ಗುರಿಯಿಟ್ಟು ಹೊಡೆದ ಆಯುಧವೆಂದರೆ ಸೀಮೆಸುಣ್ಣದ ತುಂಡು ಒಂದೇ, ಅದೂ ತಾಗಬೇಕಾದ ಹುಡುಗನಿಗೆ ತಾಗಿದ್ದು ಕಡಿಮೆ. ಅಂಥವನ ಜೇಬಿನಲ್ಲಿ ಆ ದಿನ ಬಂದೂಕಿನ ಜಾತಕ ಕೂತಿತ್ತು.

ಬಂದೂಕು ನನ್ನದಲ್ಲ, ಮಿಶ್ರಿಕೋಟಿಯ ವೀರನಗೌಡ ಮಾವನದು. ಅವರು ನನ್ನ ತಾಯಿಯ ಅಣ್ಣ, ನನ್ನ ಹೆಂಡತಿ ಶಾಂತಾಳ ತಂದೆ ಕೂಡ. ಹೀಗೆ ಎರಡೂ ಕಡೆಯಿಂದ ಸಿಕ್ಕಿಬಿದ್ದವನಿಗೆ ಅವರ ಮಾತು ಮೀರುವ ದಾರಿ ಇಲ್ಲ. ಕಾಡಿನಂಚಿನಲ್ಲಿ ಅವರಿಗೆ ಕಬ್ಬಿನ ಹೊಲವಿದೆ, ಕಬ್ಬಿಗೆ ಹಂದಿಯ ಕಾಟವಿದೆ. ಹದಿನೆಂಟು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿದ್ದ ಒಬ್ಬ ರೈಲ್ವೆ ಸಾಹೇಬರು ಊರು ಬಿಡುವಾಗ ಅವರ ರೈಫಲನ್ನು ಮಾವ ಲೈಸೆನ್ಸು ಮಾಡಿಸಿ ಕೊಂಡುಕೊಂಡರು. ನಮ್ಮದು ಲಿಂಗ ಕಟ್ಟಿದ ಮನೆ, ಹಂದಿ ಕೊಂದು ಮಾಡುವುದೇನು? ಹಾಗಾಗಿ ಹದಿನೆಂಟು ವರ್ಷ ಮಾವ ಆಕಾಶಕ್ಕೆ ಮಾತ್ರ ಗುಂಡು ಹೊಡೆದರು. ಆದರೂ ಅದರ ಗುರಿಯ ಬಗ್ಗೆ ಅವರು ಮಾತಾಡುವುದನ್ನು ಕೇಳಿದರೆ ಕಲಘಟಗಿ ಕಾಡಿನಲ್ಲಿ ಒಂದು ಹಂದಿಯೂ ಉಳಿದಿರಲಿಕ್ಕಿಲ್ಲ ಎನ್ನಬೇಕು.

ಆ ವರ್ಷ ಕಲಘಟಗಿಗೆ ಹೊಸ ತಹಶೀಲ್ದಾರ ಸಾಹೇಬರು ಬಂದರು. ಲೈಸೆನ್ಸು ಇದ್ದವರೆಲ್ಲ ಬಂದೂಕು ತಂದು ತೋರಿಸಬೇಕೆಂದು ಹೇಳಿಕಳಿಸಿದರು. ಮಾವನ ಲೈಸೆನ್ಸಿನಲ್ಲಿ ‘ಆಸ್ಟ್ರೇಲಿಯಾ ತಯಾರಿಕೆ, ನಂಬರು ಮುನ್ನೂರ ಹದಿನೇಳು’ ಎಂದಿತ್ತು. ಬಂದೂಕಿನ ಮೇಲೆ ನಂಬರೂ ಇರಲಿಲ್ಲ, ಹೆಸರೂ ಇರಲಿಲ್ಲ. ನಂಬರಿಲ್ಲದ ಬಂದೂಕು ಸರಕಾರದ ಕಣ್ಣಿಗೆ ಕಳ್ಳ ಬಂದೂಕು. ಕೊಟ್ಟ ಗಡುವಿನೊಳಗೆ ಗುರುತು ಸಿಗದಿದ್ದರೆ ಅದನ್ನು ಜಪ್ತಿ ಮಾಡಿ ಮುರಿಯುತ್ತಾರೆ, ಮೇಲೆ ಮಾವನ ಮೇಲೆ ಖಟ್ಲೆ. ಬಂದೂಕಿನ ಜೊತೆ ಬಂದ ಹಳೆಯ ಅಚ್ಚಿನ ಹಾಳೆಯೊಂದರಲ್ಲಿ ತಯಾರಕರ ವಿಳಾಸವಿತ್ತು. ನಾನು ಬರೆದೆ. ಉತ್ತರ ಬರಲು ಮೂರು ತಿಂಗಳು ಹಿಡಿಯಿತು. ಈಗ ಗಡುವಿಗೆ ಉಳಿದದ್ದು ಶನಿವಾರ ಮಧ್ಯಾಹ್ನ ಒಂದು ಗಂಟೆಯವರೆಗೆ.

ಹೊರಡುವಾಗ ನನ್ನ ಮೂರನೆಯ ಮಗ, ಒಂಬತ್ತು ತಿಂಗಳಿನವನು, ತೊಟ್ಟಿಲಲ್ಲಿ ಕೂತು ತಲೆಯ ಕಡೆಯ ಹಲಗೆಯನ್ನು ಕಡಿಯುತ್ತಿದ್ದ. ಹೊಸ ಹಲ್ಲು. ನಾನು ಕೈ ಬೀಸಿದರೂ ತಲೆ ಎತ್ತಲಿಲ್ಲ. ಮೊದಲಿನ ಇಬ್ಬರೂ ಇದೇ ಹಲಗೆ ಕಡಿದೇ ದೊಡ್ಡವರಾದರು. ಆ ಹಲಗೆಯಲ್ಲಿ ಅದೇನು ಬೆಲ್ಲ ಮೆತ್ತಿದ್ದಾರೋ ಎಂದು ಶಾಂತಾ ಯಾವತ್ತಿನ ಹಾಗೆ ಗೊಣಗಿದಳು.

ಪ್ಯಾಸೆಂಜರು ಮುಕ್ಕಾಲು ಗಂಟೆ ತಡವಾಗಿ ಬಂತು. ಟಿಕೀಟು ಒಂದು ರೂಪಾಯಿ ಚಿಲ್ಲರೆ. ಕಿಟಕಿಯ ಹೊರಗೆ ಎರಡೂ ಕಡೆ ಎರೆಭೂಮಿ, ಜೋಳ ತೆನೆ ಹಿಡಿದಿತ್ತು, ನಡುನಡುವೆ ಕುಸುಬಿಯ ಸಾಲು. ಹುಬ್ಬಳ್ಳಿಯಲ್ಲಿ ಇಳಿದು ಗಿರ್ಮಿಟ್ಟು ತಿಂದು, ಚಹಾ ಕುಡಿದು, ಮಿಶ್ರಿಕೋಟಿ ಮೇಲೆ ಕಲಘಟಗಿಗೆ ಹೋಗುವ ಬಸ್ಸು ಹಿಡಿದೆ. ಹಿಂದಿನ ಸೀಟು ಸಿಕ್ಕಿತು. ಆ ಸೀಟಿನಲ್ಲಿ ತಿಂದದ್ದು ಹೊಟ್ಟೆಯಲ್ಲಿ ಉಳಿಸಿಕೊಳ್ಳುವುದೇ ಒಂದು ಸಾಹಸ. ಊರು ದಾಟಿ ಅರ್ಧ ಗಂಟೆಯಲ್ಲಿ ಕಪ್ಪು ಮಣ್ಣು ಮುಗಿದು ಕೆಂಪು ಶುರುವಾಯಿತು, ಜೋಳದ ಬದಲು ಭತ್ತದ ಬಣವೆ ಕಂಡವು. ಮಿಶ್ರಿಕೋಟಿಯಲ್ಲಿ ಇಳಿದಾಗ ಬಿಸಿಲು ಇಳಿಯುತ್ತಿತ್ತು. ಮಾವ ಬಸ್‌ಸ್ಟ್ಯಾಂಡಿಗೇ ಬಂದಿದ್ದರು. ಕ್ಷೇಮಸಮಾಚಾರ ಕೇಳದೆ ಕಾಗದ ಎಲ್ಲಿ ಎಂದರು.

ನಾನು ಆ ಬಂದೂಕನ್ನು ಅಲ್ಲಿಯವರೆಗೆ ಹತ್ತಿರದಿಂದ ನೋಡಿರಲಿಲ್ಲ. ದೇವರ ಕೋಣೆಯ ಗೂಟದಿಂದ ಇಳಿಸಿ ಮಾವ ನನ್ನ ಕೈಗಿತ್ತಾಗ ಬೆಚ್ಚಿಬಿದ್ದೆ. ಬಂದೂಕಿನ ಉಕ್ಕು ಕಪ್ಪಾಗಿರಬೇಕೆಂದು ನನ್ನಂಥವನಿಗೂ ಗೊತ್ತು. ಇದು ಪೂಜೆಯ ತಂಬಿಗೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಇದೇನು ಎಂದು ಕೇಳಿದೆ. ಮಾವ ಮೀಸೆ ಸವರಿಕೊಂಡು ಅಡಿಗೆಮನೆಯ ಕಡೆ ನೋಡಿದರು. ನೀಲವ್ವ ಅತ್ತೆ ಸಂಕೋಚವಿಲ್ಲದೆ ಹೊರಗೆ ಬಂದರು. ಪ್ರತಿ ಮಹಾನವಮಿಗೆ ಆಯುಧ ಪೂಜೆಯ ಮುಂಚೆ ದೇವರ ಸಾಮಾನಿನ ಜೊತೆ ಬಂದೂಕನ್ನೂ ಅವರು ಹುಣಸೆಹಣ್ಣು, ಬೂದಿ ಹಚ್ಚಿ ತೆಂಗಿನ ನಾರಿನಿಂದ ತಿಕ್ಕುತ್ತಾರಂತೆ. ಹದಿನೆಂಟು ಮಹಾನವಮಿ. ಆಸ್ಟ್ರೇಲಿಯಾದವರು ಉಕ್ಕಿಗೆ ಕೊಟ್ಟ ಕಪ್ಪು ಮೊದಲ ವರ್ಷವೇ ಹೋಯಿತು, ಅಕ್ಷರ ಹತ್ತನೆಯ ವರ್ಷದ ಹೊತ್ತಿಗೆ ಹೋದವು, ನಂಬರಿನ ಕೊನೆಯ ಏಳು ಮಾತ್ರ ಹಟ ಹಿಡಿದು ಮೊನ್ನೆ ಮೊನ್ನೆಯವರೆಗೆ ಉಳಿದಿತ್ತಂತೆ.

“ದೇವರ ಮುಂದ ಹೊಲಸ ಸಾಮಾನ ಇಡ್ತಾರನು?” ಎಂದು ಅತ್ತೆ ನನ್ನನ್ನೇ ಕೇಳಿದರು. ಇಡುವುದಿಲ್ಲ ಎಂದೆ. ಸರಕಾರಿ ನಂಬರು ಗಂಡನಿಗೆ ಬೇಕಿದ್ದರೆ ಬೇರೆ ಕಡೆ ಬರೆದಿಟ್ಟುಕೊಳ್ಳಬೇಕಿತ್ತು ಎಂದು ಹೇಳಿ ಅವರು ಒಳಗೆ ಹೋದರು.

ಕಟ್ಟೆಯ ಮೇಲೆ ಕೂತು ನಾನು ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದೆ. ಅದು ದೊಡ್ಡ ಕಾರ್ಖಾನೆಯಲ್ಲವಂತೆ. ಹೇಳಲು ನಾಲಿಗೆ ತಿರುಗದ ಒಂದು ಊರಲ್ಲಿ, ಮನೆಯ ಹಿಂದಿನ ತಗಡಿನ ಚಪ್ಪರದಲ್ಲಿ, ಒಬ್ಬ ತಂದೆ ಮತ್ತು ಇಬ್ಬರು ಮಕ್ಕಳು ವರ್ಷಕ್ಕೆ ನಾಲ್ವತ್ತು ಬಂದೂಕು ಮಾಡುತ್ತಿದ್ದರು. ನಳಿಗೆ ಹೊರಗಿನಿಂದ ತರಿಸುತ್ತಿದ್ದರು, ಉಳಿದದ್ದೆಲ್ಲ ಕೈಕೆಲಸ. ಭುಜಕ್ಕೆ ಆನಿಸಿಕೊಳ್ಳುವ ಕಟ್ಟಿಗೆಯ ಹಿಡಿ ಮಾತ್ರ ತಂದೆಯೇ ಮಾಡಬೇಕು. ಅವರ ಕಾಡಿನದೇ ಒಂದು ಮರ, ಐದು ವರ್ಷ ಮಾಡಿನ ಕೆಳಗೆ ಒಣಗಿದ್ದು, ಹಗುರ, ಕೆಂಪುಗಂದು ಬಣ್ಣ, ಕೆತ್ತಿದರೆ ಪಾಕದಂಥ ಸಿಹಿ ವಾಸನೆ. ಉಕ್ಕಿಗೆ ದೀಪದ ಮಸಿ ಹಿಡಿಸಿ ಕಟ್ಟಿಗೆಗೆ ಒತ್ತುವುದು, ಮಸಿ ಅಂಟಿದಲ್ಲಿ ಮಾತ್ರ ಕೆರೆಯುವುದು, ಮತ್ತೆ ಒತ್ತುವುದು. ಹೀಗೆ ನೂರು ಸಲ ಮಾಡಿದ ಮೇಲೆ ಉಕ್ಕಿಗೂ ಕಟ್ಟಿಗೆಗೂ ನಡುವೆ ಕೂದಲು ತೂರದಂತೆ ಕೂರುತ್ತಿತ್ತು. ನಾನು ಓದುತ್ತ ಹೋದಂತೆ ಮಾವ ತೊಡೆ ತಟ್ಟಿದರು.

“ನಾ ಹೇಳ್ತಿದ್ದಿಲ್ಲೇನ್ಲೇ ಮಾಸ್ತರ? ಇಂಥಾ ಕಟ್ಟಿಗಿ ಕೆಲಸ ನಮ್ಮೋರ ಕೈಯಾಗ ಆಗಂಗಿಲ್ಲ.”

ಮುಂದಿನ ಪುಟ ಓದಿದೆ. ನಂಬರನ್ನು ಮೂರು ಕಡೆ ಹೊಡೆಯುತ್ತಿದ್ದರು: ನಳಿಗೆಯ ಮೇಲೆ, ಗುಂಡು ತುಂಬಲು ಹಿಂದಕ್ಕೆಳೆಯುವ ಬೋಲ್ಟಿನ ಮೇಲೆ, ಕೊನೆಗೆ ಹಿಡಿಯ ಹಿಂತುದಿಯ ಉಕ್ಕಿನ ತಟ್ಟೆಯ ಕೆಳಗೆ, ಕಟ್ಟಿಗೆಯಲ್ಲೇ. ಅದರ ಬಾಜು ತಂದೆ ಪೆನ್ಸಿಲಿನಿಂದ ತನ್ನ ಹೆಸರು ಬರೆಯುತ್ತಿದ್ದ. ಪತ್ರ ಬರೆದವನು ಕಿರಿಯ ಮಗ. ಅಪ್ಪ ತೀರಿಹೋಗಿದ್ದಾರೆ, ಬಂದೂಕಿನೊಳಗೆ ಬಿಟ್ಟರೆ ಅವರು ಬೇರೆಲ್ಲೂ ಹೆಸರು ಬರೆದವರಲ್ಲ, ನಿಮ್ಮದರಲ್ಲಿ ಸಿಕ್ಕರೆ ತೆಳುಹಾಳೆ ಇಟ್ಟು ತಿದ್ದಿ ನಮಗೊಂದು ಪ್ರತಿ ಕಳಿಸಿ ಎಂದು ಕೇಳಿಕೊಂಡಿದ್ದ.

ನನಗೆ ಗೆದ್ದಷ್ಟು ಸಂತೋಷವಾಯಿತು. ತಟ್ಟೆಯ ಕೆಳಗೆ ಹುಣಸೆಹಣ್ಣು ಹೋಗಿರಲು ಸಾಧ್ಯವಿಲ್ಲ. ಎರಡು ಸ್ಕ್ರೂ ಬಿಚ್ಚಿದರೆ ಮುಗಿಯಿತು. ಆದರೆ ತೊಡೆ ತಟ್ಟುತ್ತಿದ್ದ ಮಾವ ಇದ್ದಕ್ಕಿದ್ದಂತೆ ಸಪ್ಪಗಾದರು. ವಿಲಾಯತಿ ಸ್ಕ್ರೂ ಒಮ್ಮೆ ಬಿಚ್ಚಿದರೆ ಮತ್ತೆ ಕೂರುವುದಿಲ್ಲ ಎಂದರು. ಬುಧವಾರ ಆಯುಧ ಬಿಚ್ಚಬಾರದು ಎಂದರು. ಕೊನೆಗೆ ಸಾಹೇಬರ ಎದುರಿಗೇ ಬಿಚ್ಚೋಣ, ಆಗ ಅನುಮಾನಕ್ಕೆ ಜಾಗವಿರುವುದಿಲ್ಲ ಎಂದು ನಾನೇ ಹೇಳಿದ್ದು ನನ್ನ ಜಾಣತನ. ಮಾವ ಆ ರಾತ್ರಿ ಒಂದೇ ರೊಟ್ಟಿ ಉಂಡರು.

ಗುರುವಾರ ಬೆಳಿಗ್ಗೆ ಬಂದೂಕನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕಲಘಟಗಿ ಬಸ್ಸು ಹತ್ತಿದೆವು. ಕಂಡಕ್ಟರು ಉದ್ದನೆಯ ಗಂಟು ನೋಡಿ ಲಗೇಜು ಟಿಕೀಟು ಹರಿಯಲು ಹೋದ. ಒಳಗೇನಿದೆ ಎಂದು ಕೇಳಿದ, ಎಲ್ಲಿಯದೆಂದೂ ಕೇಳಿದ. ಯಾರಾದರೂ ಕೇಳಿದರೆ ಬಿಡುವ ಜಾಯಮಾನ ಮಾವನದಲ್ಲ. ಕಂಬಳಿ ಸರಿಸಿ ಹಿಡಿಯನ್ನು ತೋರಿಸಿ, ಆಸ್ಟ್ರೇಲಿಯಾದ್ದು, ಮುಟ್ಟಿ ನೋಡು, ಬೆಣ್ಣೆ ಇದ್ದಂಗ ಐತಿ ಎಂದರು. ಸುತ್ತಲಿನ ನಾಲ್ಕು ಮಂದಿ ಮುಟ್ಟಿ ನೋಡಿದರು. ನಿಜವಾಗಿಯೂ ಒಳ್ಳೆಯ ಕೆಲಸ. ಹಿಡಿಯ ಸೊಂಟದಲ್ಲಿ ಹೆಬ್ಬೆರಳು ಕೂರುವ ಕಡೆ ಒಂದು ಸಣ್ಣ ತಗ್ಗು, ತಾನಾಗಿ ಕೈ ಅಲ್ಲಿಗೇ ಹೋಗುತ್ತಿತ್ತು. ಮಾವನ ದನಿ ಮಾತ್ರ ಯಾವತ್ತಿನ ಹಾಗಿರಲಿಲ್ಲ.

ಸಾಹೇಬರು ಮೊದಲು ಮಿಲಿಟರಿಯಲ್ಲಿದ್ದವರು, ಮೆಲುದನಿಯ ಮನುಷ್ಯ. ಕಾಗದವನ್ನು ಎರಡು ಸಲ ಓದಿದರು. ಬೋಲ್ಟು ಎಳೆದು ಬಿಟ್ಟು ಸದ್ದು ಕೇಳಿದರು. ಉಕ್ಕಿನ ಕೆಲಸ ಮೆಚ್ಚಿದರು, ಅದನ್ನು ಹುಣಸೆಹಣ್ಣಿನಲ್ಲಿ ತೊಳೆದದ್ದು ಕೇಳಿ ಕಣ್ಣು ಮುಚ್ಚಿಕೊಂಡರು. ಆಮೇಲೆ ಉಕ್ಕು, ಕಟ್ಟಿಗೆ ಕೂಡುವ ಗೆರೆಯ ಮೇಲೆ ಉಗುರು ಆಡಿಸಿ, ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಜೋಡಣೆ ನೋಡಿಲ್ಲ ಎಂದರು. ಮೇಜಿನ ಖಾನೆಯಿಂದ ಸ್ಕ್ರೂಡ್ರೈವರ್ ತೆಗೆದು ತಟ್ಟೆ ಬಿಚ್ಚಿದರು. ಮಾವ ಗೋಡೆಯ ಮೇಲಿನ ನಕಾಶೆ ನೋಡುತ್ತ ನಿಂತರು.

ತಟ್ಟೆಯ ಕೆಳಗೆ ಪೆನ್ಸಿಲಿನ ಬರಹ ಇತ್ತು. ಸಾಹೇಬರು ಕನ್ನಡಕ ಏರಿಸಿ, ಹುಬ್ಬು ಗಂಟಿಕ್ಕಿ, ಹಿಡಿಯನ್ನು ನನ್ನ ಕಡೆ ತಿರುಗಿಸಿದರು. ಮಾಸ್ತರ ನೀವೇ ಓದಿ ಎಂದರು. ಓದಿದೆ. ಶುದ್ಧ ಕನ್ನಡ ಅಕ್ಷರದಲ್ಲಿ ಹೀಗಿತ್ತು: ‘ಈ ಹಿಡಿ ಮಾಡಿದವ ಫಕೀರಪ್ಪ, ಕಲಘಟಗಿ. ಯಾರಿಗೂ ಹೇಳಬ್ಯಾಡ ಅಂತ ಗೌಡ್ರು ಹೇಳ್ಯಾರ.’

ಗುಮಾಸ್ತನೊಬ್ಬ ಕೆಮ್ಮಿನ ನೆವದಲ್ಲಿ ಹೊರಗೆ ಹೋದ. ಸಾಹೇಬರು ಬೈಯಲಿಲ್ಲ, ಅದೇ ಕಷ್ಟ. ಏನಾಯಿತು ಹೇಳಿ ಎಂದರು ಅಷ್ಟೆ. ಮಾವ ನಕಾಶೆಗೆ ಬೆನ್ನು ತಿರುಗಿಸಿ ಹೇಳಿದರು. ಎಂಟು ವರ್ಷದ ಹಿಂದೆ ಹೊಲದ ಅಟ್ಟದ ಮೇಲೆ ಹಂದಿ ಕಾಯುತ್ತ ನಿದ್ದೆ ಹೋಗಿ, ಬಂದೂಕನ್ನು ಅಪ್ಪಿಕೊಂಡೇ ಕೆಳಗೆ ಬಿದ್ದರಂತೆ. ಹಂದಿಗಳು ಅಲ್ಲೇ ಮೇಯುತ್ತಿದ್ದವು, ಓಡಲಿಲ್ಲ ಕೂಡ. ಮಾವನಿಗೆ ಏನೂ ಆಗಲಿಲ್ಲ, ಹಿಡಿ ಎರಡು ತುಂಡಾಯಿತು. ಊರಿಗೆಲ್ಲ ಬೇಟೆಗಾರನೆನಿಸಿಕೊಂಡವರು ಅದನ್ನು ಹೇಗೆ ಹೇಳುತ್ತಾರೆ? ಕಲಘಟಗಿಯಲ್ಲಿ ತೊಟ್ಟಿಲು ಮಾಡುವ ಫಕೀರಪ್ಪನಿಗೆ ಗುಟ್ಟಾಗಿ ಕೊಟ್ಟು ಹೊಸ ಹಿಡಿ ಮಾಡಿಸಿದರು. ಹಳೆಯದನ್ನು ಸುಟ್ಟುಬಿಡು ಎಂದು ಹೇಳಿ ಬಂದಿದ್ದರು.

ಹಳೆಯ ಕಟ್ಟಿಗೆ ಇಲ್ಲದಿದ್ದರೆ ನಾನೇನೂ ಮಾಡುವ ಹಾಗಿಲ್ಲ ಎಂದರು ಸಾಹೇಬರು. ನಳಿಗೆಗೆ ನಂಬರಿಲ್ಲ, ಹಿಡಿ ಇಲ್ಲಿಯದು, ಇನ್ನು ಇದನ್ನು ಆಸ್ಟ್ರೇಲಿಯಾದ್ದು ಎನ್ನುವುದು ನಿಮ್ಮ ಬಾಯಿಮಾತು ಮಾತ್ರ. ಬಂದೂಕು ಶನಿವಾರದವರೆಗೆ ತಮ್ಮ ಕಪಾಟಿನಲ್ಲಿರಲಿ ಎಂದು ಬೀಗ ಹಾಕಿದರು. ಹೊರಗೆ ಬಂದ ಮಾವನ ಕೈಗಳಿಗೆ ಎಲ್ಲಿರಬೇಕೆಂದು ತಿಳಿಯಲಿಲ್ಲ. ಆರಡಿ ಆಳು, ಕಂಬಳಿ ಮಡಚಿ ಎದೆಗವಚಿಕೊಂಡು ನಿಂತಿದ್ದರು. ನನಗೆ ಮೊದಲು ನಗು ಬಂತು, ಆಮೇಲೆ ಕಂಬಳಿಯನ್ನು ನಾನೇ ಇಸಿದುಕೊಂಡೆ.

ಫಕೀರಪ್ಪನ ಅಂಗಡಿ ಪೇಟೆಯ ಹಿಂದಿನ ಓಣಿಯಲ್ಲಿ. ಅರಗಿನ ವಾಸನೆ, ಕೆಂಪು ಹಳದಿ ಬಳಿದ ತೊಟ್ಟಿಲ ಕಾಲುಗಳ ರಾಶಿ. ಮಾವ ಹೊಸ್ತಿಲು ದಾಟಲಿಲ್ಲ, ಹೊರಗೇ ನಿಂತು ಎಲೆ ಅಡಿಕೆ ಹಾಕಿಕೊಂಡರು. ನಾನೇ ಒಳಗೆ ಹೋಗಿ ನಡೆದದ್ದು ಹೇಳಿದೆ. ಅರವತ್ತರ ಮನುಷ್ಯ, ಸಣಕಲು, ಕಿವಿಯಲ್ಲಿ ಪೆನ್ಸಿಲ್ಲು. ಹೇಳಬೇಡ ಎಂದವರು ಬರೆಯಬೇಡ ಎಂದಿರಲಿಲ್ಲವಲ್ಲ, ಹಳೆಯ ಹಿಡಿಯ ತುದಿಯಲ್ಲಿ ಅದನ್ನು ಮಾಡಿದವನು ಹೆಸರು ಬರೆದದ್ದು ನೋಡಿ ತಾನೂ ಬರೆದೆ ಎಂದ. ಹಳೆಯ ಕಟ್ಟಿಗೆಯಲ್ಲಿ ಅಲ್ಲಲ್ಲಿ ಮಸಿ ಉಳಿದಿತ್ತಂತೆ. ಅದನ್ನು ನೋಡಿಯೇ ಕೆಲಸದ ರೀತಿ ಗೊತ್ತಾಯಿತಂತೆ. ಮೊಮ್ಮಗಳ ಕಾಡಿಗೆ ಡಬ್ಬಿ ತಂದು ಉಕ್ಕಿಗೆ ಸವರಿ, ಸಾಗವಾನಿಗೆ ಒತ್ತಿ, ಕೆರೆದು, ಮತ್ತೆ ಒತ್ತಿ, ಇಪ್ಪತ್ತು ದಿನ ಕೂತಿದ್ದನಂತೆ. ಸುಟ್ಟೆಯಾ ಎಂದು ಕೇಳಿದೆ. ಅವನು ಹೊರಗೆ ನಿಂತವರಿಗೆ ಕೇಳುವಂತೆ ಹೇಳಿದ.

“ಸುಡು ಅಂದಿದ್ರಿ ಗೌಡ್ರ, ಖರೆ. ಅಂಥಾ ಕಟ್ಟಿಗಿ ಸುಡಾಕ ನನ್ನ ಕೈ ಏಳಲಿಲ್ರಿ. ರಂದಾ ಹೊಡದು ಹೆರದ್ರ ಆಲೆಮನಿ ವಾಸನಿ. ಒಂದ ಹಲಗಿ ಮಾಡಿ ತೊಟ್ಟಿಲಕ್ಕ ಕೂಡ್ರಿಸೇನಿ. ತುದಿಗೆ ಅಕ್ಷರ ಇದ್ದುವಲ್ಲ, ಅಕ್ಷರದ ಮ್ಯಾಲೆ ರಂದಾ ಹಚ್ಚಬಾರದು, ಹಂಗ ಕಂಬದ ಒಳಗ ಸೇರಿಸಿಬಿಟ್ಟೆ.”

ಯಾವ ತೊಟ್ಟಿಲು ಎಂದು ಕೇಳಿದೆ.

“ನಿಮ್ಮ ಮನೀದ್ರಿ ಮಾಸ್ತರ. ಶಾಂತವ್ವನ ಚೊಚ್ಚಲ ಬಾಣಂತನಕ್ಕ ಗೌಡ್ರು ಮಾಡಿಸಿದ್ದು.”

ಹೊರಗೆ ಮಾವ ಎಲೆ ಅಗಿಯುವುದು ನಿಲ್ಲಿಸಿದರು. ನನಗೆ ಕಣ್ಣೆದುರು ಬಂದದ್ದು ನನ್ನ ಮಗ, ಅವನ ಹೊಸ ಹಲ್ಲು, ಅವನು ಕಡಿಯುತ್ತಿದ್ದ ಹಲಗೆ. ಅಲ್ಲಿ ಅತ್ತೆಯ ಹುಣಸೆಹಣ್ಣು, ಇಲ್ಲಿ ಮೊಮ್ಮಗನ ಹಲ್ಲು. ಈ ಬಂದೂಕಿಗೆ ನಮ್ಮ ಮನೆತನದಷ್ಟು ದೊಡ್ಡ ವೈರಿ ಬೇರೆ ಇರಲಿಲ್ಲ.

ಶುಕ್ರವಾರ ಮಾವನನ್ನು ಕರೆದುಕೊಂಡು ಅಣ್ಣಿಗೇರಿಗೆ ಹೊರಟೆ. ಬಸ್ಸಿನಲ್ಲಿ, ರೈಲಿನಲ್ಲಿ ಅವರು ಯಾರ ಜೊತೆಗೂ ಮಾತಾಡಲಿಲ್ಲ. ಹುಬ್ಬಳ್ಳಿ ದಾಟಿದ ಮೇಲೆ ಒಮ್ಮೆ ಮಾತ್ರ ನನ್ನ ಕಡೆ ತಿರುಗಿ, ಫಕೀರಪ್ಪ ಕೂತ ಚಹಾದಂಗಡಿಯಲ್ಲೇ ಎಷ್ಟು ಸಲ ಹೇಳಿದ್ದೇನೆ ಗೊತ್ತಾ, ಇಂಥ ಕೆಲಸ ನಮ್ಮವರಿಗೆ ಬರುವುದಿಲ್ಲ ಅಂತ, ಎಂದರು. ಅವನು ಏನು ಹೇಳುತ್ತಿದ್ದ ಎಂದು ಕೇಳಿದೆ. ಹೌದ್ರಿ ಗೌಡ್ರ ಅನ್ನುತ್ತಿದ್ದ ಎಂದು ಹೇಳಿ ಕಿಟಕಿಯ ಹೊರಗೆ ನೋಡಿದರು.

ಮನೆಗೆ ಬಂದಾಗ ಕೂಸು ಮಲಗಿತ್ತು. ಮಲಗಿದ ಕೂಸನ್ನು ಎಬ್ಬಿಸಿ ತೊಟ್ಟಿಲು ಬಿಚ್ಚುವ ಧೈರ್ಯ ಮಿಲಿಟರಿಯ ಆ ಸಾಹೇಬರಿಗೂ ಇರಲಿಕ್ಕಿಲ್ಲ. ಪಿಸುದನಿಯಲ್ಲಿ ಶಾಂತಾಳಿಗೆ ಎಲ್ಲ ಹೇಳಿದೆವು. ಅವಳು ತಂದೆಯನ್ನು ನೋಡಿದಳು, ನನ್ನನ್ನು ನೋಡಿದಳು, ಅಕ್ಕಿ ಆರಿಸುವುದನ್ನು ಮುಂದುವರಿಸಿದಳು. ಕೂಸು ಎದ್ದ ಮೇಲೆ ಹಲಗೆ ನೋಡಿದೆವು. ಎದುರು ಬದುರು ಎರಡು ಗಿಳಿ ಬರೆದದ್ದು, ಮೇಲಂಚಿನ ಅರಗೆಲ್ಲ ಹೊಟ್ಟೆಗೆ ಹೋಗಿತ್ತು. ಮೂಗು ಹಚ್ಚಿದರೆ ಜೊಲ್ಲಿನ ನಡುವೆಯೂ ಬೆಲ್ಲದ ವಾಸನೆ. ಆದರೆ ಹಲಗೆ ಕಂಬದಿಂದ ಹೊರಗೆ ಬರಲಿಲ್ಲ. ಮೂರು ಮಕ್ಕಳ ಜೊಲ್ಲು ಕುಡಿದು ಕಟ್ಟಿಗೆ ಉಬ್ಬಿ ಬಿಗಿದಿತ್ತು. ಮಾವ ಸುತ್ತಿಗೆ ಕೇಳಿದರು. ಒಂದು ಏಟು ತಪ್ಪಿದರೆ ಹಲಗೆಯೂ ಹೋಯಿತು, ನಂಬರೂ ಹೋಯಿತು. ಇದನ್ನು ಕೂಡ್ರಿಸಿದ ಫಕೀರಪ್ಪನೇ ಬಿಚ್ಚಬೇಕು.

ಹಾಗಾದರೆ ತೊಟ್ಟಿಲನ್ನೇ ಕಲಘಟಗಿಗೆ ಒಯ್ಯೋಣ ಎಂದೆ. ಶಾಂತಾ ಮೊರ ಕೆಳಗಿಟ್ಟಳು.

“ತೊಟ್ಟಿಲ ಬಿಟ್ಟು ಇವ ಮಲಗೂದಿಲ್ಲ, ಇವನ್ನ ಬಿಟ್ಟು ನಾ ಇರೂದಿಲ್ಲ. ಎಲ್ಲಾರೂ ಹೋಗೂಣು.”

ಶನಿವಾರದ ಪ್ರಯಾಣವನ್ನು ನೆನೆದರೆ ಈಗಲೂ ಬೆವರುತ್ತೇನೆ. ದೊಡ್ಡ ಮಕ್ಕಳಿಬ್ಬರನ್ನು ಪಕ್ಕದ ಮನೆಯಲ್ಲಿ ಬಿಟ್ಟು ಮೊದಲ ರೈಲಿಗೆ ಹೊರಟೆವು. ಮಾವ ತಲೆಯ ಮೇಲೆ ತೊಟ್ಟಿಲು ಹೊತ್ತು ಮುಂದೆ, ಕೂಸು ಎತ್ತಿಕೊಂಡ ಶಾಂತಾ ನಡುವೆ, ಚೀಲಗಳ ಜೊತೆ ನಾನು ಹಿಂದೆ. ದಾರಿಯಲ್ಲಿ ಸಿಕ್ಕವರೆಲ್ಲ ಇದು ನಾಲ್ಕನೆಯದೇನ್ರಿ ಮಾಸ್ತರ ಎಂದು ಕೇಳಿದರು. ಹುಬ್ಬಳ್ಳಿಯಲ್ಲಿ ಬಸ್ಸಿನ ಕಂಡಕ್ಟರು ತೊಟ್ಟಿಲನ್ನು ಟಾಪಿಗೆ ಹಾಕಿ ಎಂದ. ಗುರುವಾರದವನೇ. ಶಾಂತಾ ಅದನ್ನು ಸೀಟುಗಳ ನಡುವೆ ಇಟ್ಟು, ಕೂಸನ್ನು ಅದರಲ್ಲಿ ಕೂರಿಸಿ, ಈಗ ಹಾಕು ನೋಡೋಣ ಎಂದಳು. ಅವನು ಅರ್ಧ ದಾರಿ ತೊಟ್ಟಿಲು ಲಗೇಜೋ ಸೀಟೋ ಎಂದು ನನ್ನ ಜೊತೆ ವಾದ ಮಾಡಿದ. ಬಸ್ಸು ಜೋರಾಗಿ ಅಲುಗುತ್ತಿದ್ದುದರಿಂದ ತೂಗುವ ಕೆಲಸ ಇರಲಿಲ್ಲ. ಕೂಸು ಗಿಳಿಯ ಕೊಕ್ಕು ಕಡಿಯುತ್ತ ಸುಖವಾಗಿತ್ತು, ನಡುನಡುವೆ ಮಾವ ಅವನ ಬಾಯಿಗೆ ಬೆರಳು ಕೊಟ್ಟು ಹಲಗೆ ಉಳಿಸಿದರು.

ಕಲಘಟಗಿಗೆ ಬಂದಾಗ ಹನ್ನೆರಡೂವರೆ. ನಾನು ಓಡಿಹೋಗಿ ಫಕೀರಪ್ಪನನ್ನು ಕರೆತಂದೆ. ಸಾಹೇಬರ ಮೇಜಿನ ಮುಂದೆ ತೊಟ್ಟಿಲು ಇಟ್ಟೆವು. ಕೆಲಸ ಬಿಟ್ಟು ಕಚೇರಿಗೆ ಕಚೇರಿಯೇ ಬಂದು ನಿಂತಿತು. ಫಕೀರಪ್ಪ ತೊಟ್ಟಿಲನ್ನು ಮಗುಚಿ, ಕಣ್ಣಿಗೆ ಕಾಣದ ಒಂದು ಬೆಣೆಯನ್ನು ಉಳಿಯ ತುದಿಯಿಂದ ಎಬ್ಬಿಸಿ, ಕಂಬಕ್ಕೆ ಮೆಲ್ಲಗೆ ಮೂರು ಸಲ ತಟ್ಟಿದ. ಹಲಗೆ ಅವನ ಕೈಗೆ ಬಂತು. ನಾವೆಲ್ಲ ಅದರ ತುದಿಗೆ ಬಗ್ಗಿದೆವು.

ಎರಡು ಸ್ಕ್ರೂ ತೂತು ಇದ್ದವು. ಬಂದೂಕಿನ ತಟ್ಟೆ ಬಿಚ್ಚಿ ಇಟ್ಟರೆ ತೂತಿಗೆ ತೂತು ಸರಿಯಾಗಿ ಕೂತಿತು. ಅವುಗಳ ನಡುವೆ ಅಚ್ಚು ಹೊಡೆದದ್ದು ಮುನ್ನೂರ ಹದಿನೇಳು. ಅದರ ಬಾಜು, ಮೊನ್ನೆ ಬರೆದಷ್ಟು ಸ್ಪಷ್ಟವಾಗಿ, ಪೆನ್ಸಿಲಿನಲ್ಲಿ ಒಂದು ಹೆಸರು. ಕಾಗದದ ಕೆಳಗಿದ್ದ ಮನೆತನದ ಹೆಸರೇ. ಮಾವ ಕುರ್ಚಿ ಹುಡುಕಿ ಕೂತರು. ಅವರ ಕಣ್ಣಲ್ಲಿ ನೀರು ಬಂದಿತ್ತು, ನನಗೂ ಬಂದಿತ್ತು, ಮುಚ್ಚಿಡುವುದೇಕೆ.

ಸಾಹೇಬರು ಲೈಸೆನ್ಸಿನ ಪುಸ್ತಕ ತೆರೆದರು. ನಂಬರು ಸರಿಯಾಯಿತು, ಆದರೆ ಹಿಡಿ ಬದಲಾದದ್ದನ್ನು ಬರೆಯಬೇಕು, ಮಾಡಿದವನ ಹೆಸರು ಹೇಳಿ ಎಂದರು. ಹೆಸರು ಅವರಿಗೆ ಗೊತ್ತಿತ್ತು, ಬಂದೂಕಿನಲ್ಲೇ ಓದಿದ್ದರು. ಆದರೂ ಮಾವನ ಬಾಯಿಂದಲೇ ಬರಲೆಂದು ಕಾದರು. ಮಾವ ಎದ್ದು ನಿಂತರು.

“ಬರೀರಿ ಸಾಹೇಬ್ರ. ಫಕೀರಪ್ಪ, ಕಲಘಟಗಿ. ಎಂಟ ವರ್ಷ ಇವನ ಎದುರಿಗೇ ಸುಳ್ಳ ಹೇಳೇನಿ. ತಪ್ಪಾತು ಫಕೀರಪ್ಪ.”

ಫಕೀರಪ್ಪ ಉಳಿಯನ್ನು ಚೀಲಕ್ಕೆ ಹಾಕುತ್ತಿದ್ದ.

“ಇರ್ಲಿ ಬಿಡ್ರಿ ಗೌಡ್ರ. ಚಾದಂಗಡ್ಯಾಗ ನೀವು ಆಸ್ಟ್ರೇಲಿಯಾದವನ್ನ ಹೊಗಳಿದಾಗೆಲ್ಲ, ಅದು ನನಗ ಅಂತನ ನಾ ಕೇಳಿಸ್ಕೊಂತಿದ್ದೆ.”

ಒಂದು ತೊಡಕು ಉಳಿದಿತ್ತು. ಹಲಗೆ ಈಗ ಆಯುಧದ ಪುರಾವೆ, ಕಚೇರಿಯಲ್ಲಿ ಜಮಾ ಆಗಬೇಕು ಎಂದು ಗುಮಾಸ್ತ ನೆನಪಿಸಿದ. ಶಾಂತಾ ಮಾತಾಡದೆ ಕೂಸನ್ನು ಸಾಹೇಬರ ಮೇಜಿನ ಮೇಲೆ, ಫೈಲುಗಳ ನಡುವೆ ಕೂರಿಸಿದಳು. ಕೂಸು ಹತ್ತಿರದ ಫೈಲನ್ನು ಬಾಯಿಗೆ ಹಾಕಿಕೊಂಡಿತು. ಸಾಹೇಬರು ಬೇಗನೆ ತೀರ್ಮಾನಕ್ಕೆ ಬಂದರು. ಪುರಾವೆಯನ್ನು ತಾವು ಕಣ್ಣಾರೆ ನೋಡಿದ್ದಾಗಿಯೂ ಅದು ಅಣ್ಣಿಗೇರಿಯ ತೊಟ್ಟಿಲಲ್ಲಿ ಭದ್ರವಾಗಿರುವುದಾಗಿಯೂ ಬರೆದು ಮೊಹರು ಒತ್ತಿದರು.

ಹಲಗೆಯನ್ನು ಮತ್ತೆ ಕೂರಿಸುವ ಮುಂಚೆ ನಾನು ತೆಳುಹಾಳೆ ಇಟ್ಟು ಆ ಹೆಸರನ್ನು ತಿದ್ದಿಕೊಂಡೆ. ಒಂದು ಕೆಟ್ಟರೆ ಇನ್ನೊಂದಿರಲೆಂದು ಎರಡು ಪ್ರತಿ ಮಾಡಿದೆ. ಫಕೀರಪ್ಪ ನೋಡುತ್ತ ನಿಂತಿದ್ದ. ಇದು ಹೆಸರು ಬರೆದವನ ಮಗನಿಗೆ ಹೋಗುತ್ತದೆ ಎಂದೆ. ಹಾಗಾದರೆ ಹಲಗೆ ಚೆನ್ನಾಗಿ ಕೂತಿದೆ, ಮೂರು ಮಕ್ಕಳಾದರೂ ಬಿರುಕು ಬಿಟ್ಟಿಲ್ಲ ಅಂತಲೂ ಬರೆಯಿರಿ ಎಂದ. ಬರೆಯುತ್ತೇನೆ ಎಂದೆ, ಸೋಮವಾರವೇ ಬರೆದೆ.

ಮೂರು ಗಂಟೆಯ ಬಸ್ಸಿಗೆ ಎಲ್ಲರೂ ಹತ್ತಿದೆವು. ಮಾವ ಮಿಶ್ರಿಕೋಟಿಯಲ್ಲಿ ಇಳಿಯುವವರು, ನಾವು ಹುಬ್ಬಳ್ಳಿಗೆ. ಬಂದೂಕು ಅವರ ತೊಡೆಯ ಮೇಲೆ, ಕಂಬಳಿ ಇಲ್ಲದೆ. ತೊಟ್ಟಿಲು ಮತ್ತೆ ಸೀಟುಗಳ ನಡುವೆ, ಒಳಗೆ ಕೂಸು ನಿದ್ದೆಯಲ್ಲಿ. ಅದೇ ಕಂಡಕ್ಟರು ಬಂದ. ಇಷ್ಟು ಓಡಾಟ ಆದಮೇಲೆ ಅವನಿಗ್ಯಾಕೋ ನಮ್ಮ ಮೇಲೆ ಸಲಿಗೆ ಬಂದಿತ್ತು. ಮುಂದಿನ ಸೀಟಿನ ಹಳ್ಳಿಯವನಿಗೆ ಬಂದೂಕು ತೋರಿಸಿ, ನೋಡು, ಗೌಡ್ರ ಬಂದೂಕ ಆಸ್ಟ್ರೇಲಿಯಾದ್ದು, ಆ ಕಟ್ಟಿಗಿ ಕೆಲಸ ನೋಡು ಎಂದ.

“ಕಲಘಟಗೀದು,” ಎಂದರು ಮಾವ. “ಫಕೀರಪ್ಪ ಅಂತ ಒಬ್ಬ ಅದಾನ, ಅವ ಮಾಡ್ಯಾನ.”

ಕಂಡಕ್ಟರಿಗೆ ನಿರಾಸೆಯಾಯಿತು. ಏನಾದರೂ ಮಾತಾಡಬೇಕೆಂದು ಗಿಳಿ ಬರೆದ ತೊಟ್ಟಿಲಿನ ಮೇಲೆ ಕೈಯಿಟ್ಟು, ಇದಂತೂ ಕಲಘಟಗೀದೇ ಬಿಡ್ರಿ, ನೋಡಿದ್ರ ಗೊತ್ತಾಕ್ಕೈತಿ ಎಂದ.

“ಇಲ್ಲ,” ಎಂದಳು ಶಾಂತಾ, ಕೂಸಿನ ಬಾಯಿ ಒರೆಸುತ್ತ. “ಇದು ಆಸ್ಟ್ರೇಲಿಯಾದ್ದು.”

ಅವನು ಗಿಳಿಗಳನ್ನು ನೋಡಿದ, ಅವಳ ಮುಖ ನೋಡಿದ, ನಮ್ಮಿಬ್ಬರಲ್ಲಿ ಯಾರಾದರೂ ನಗುತ್ತಾರೇನೋ ಎಂದು ನೋಡಿದ. ನಾವು ನಗಲಿಲ್ಲ. ಲಗೇಜು ಟಿಕೀಟಿನ ಮಾತನ್ನೇ ಎತ್ತದೆ ಅವನು ಮುಂದಿನ ಸೀಟಿಗೆ ಹೋದ.